ರಿಮೋಟ್ ಹೆಲಿಕಾಪ್ಟರ್: ಮೊದಲು ಮೇಜಿನ ಮೇಲೆ, ಆಮೇಲೆ ಕಣದಲ್ಲಿ

ನನ್ನ ಮೊದಲ ಹೆಲಿಕಾಪ್ಟರ್ ಗಾಳಿಯಲ್ಲಿದ್ದದ್ದು ಎರಡೇ ಸೆಕೆಂಡು. ಚಿಕ್ಕಮಗಳೂರಿನಿಂದ ಆಲ್ದೂರಿಗೆ ಹೋಗುವ ದಾರಿಯಲ್ಲಿ ಪರಿಚಯದವರ ಕಾಫಿ ತೋಟವಿದೆ. ಅಲ್ಲಿನ ಕಣದ ಮಧ್ಯೆ ಹೆಲಿ ಇಟ್ಟು ಥ್ರಾಟಲ್ ಕೊಟ್ಟೆ. ಎದ್ದಿತು. ಎದ್ದ ಕೂಡಲೇ ಬುಗುರಿಯ ಹಾಗೆ ಸುತ್ತತೊಡಗಿತು. ಗಾಬರಿಯಲ್ಲಿ ಸ್ಟಿಕ್ ಅತ್ತಿತ್ತ ಎಳೆದೆ, ಇನ್ನೂ ಜೋರಾಯಿತು. ಬ್ಲೇಡ್ ಸಿಮೆಂಟಿಗೆ ಬಡಿದು ಪುಡಿಯಾಯಿತು. ಒಂದು ತುಂಡು ಸಿಲ್ವರ್ ಓಕ್ ಮರದ ಬುಡದಲ್ಲಿ ಸಿಕ್ಕಿತು. ಇನ್ನೊಂದು ಇವತ್ತಿಗೂ ಸಿಕ್ಕಿಲ್ಲ.

ಕಾರಣ ತಿಳಿದಿದ್ದು ರಾತ್ರಿ ಮನೆಗೆ ಬಂದ ಮೇಲೆ. ಬಾಲದ ಗೈರೊ, ಅಂದರೆ ಹೆಲಿ ಹೊರಳುವುದನ್ನು ಗುರುತಿಸಿ ತಡೆಯುವ ಉಪಕರಣ, ಉಲ್ಟಾ ಇತ್ತು. ಒಂದೇ ಒಂದು ಸೆಟ್ಟಿಂಗ್. ಮೇಜಿನ ಮೇಲಿಟ್ಟು ಹತ್ತು ಸೆಕೆಂಡು ನೋಡಿದ್ದರೆ ಸಾಕಿತ್ತು.

ಈಗ ಅಕ್ಕನ ಮಗ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು 450 ಸೈಜಿನ ಹೆಲಿ ತಂದಿದ್ದಾನೆ (450 ಅನ್ನುವುದು ಹವ್ಯಾಸಿಗಳು ಹೆಲಿಯ ಗಾತ್ರಕ್ಕೆ ಇಟ್ಟ ನಂಬರ್). "ಮಾವ, ಇವತ್ತೇ ಹಾರಿಸೋಣ" ಅಂದ. ಮುಂದಿನ ಭಾನುವಾರ ಅಂದೆ. ಮುಖ ಸಪ್ಪಗಾಯಿತು. ಆದರೆ ಆ ವಾರವಿಡೀ ಊಟದ ಮೇಜಿನ ಮೇಲೆ ನಾವಿಬ್ಬರೂ ಮಾಡಿದ ಕೆಲಸವೇ ಈ ಲೇಖನ. ಹೊಸಬರ ಹೆಲಿಗಳು ಬೀಳುವುದು ಗಾಳಿಯಲ್ಲಿ ಅಂತ ಕಾಣಿಸುತ್ತದೆ, ನಿಜವಾಗಿ ಅವು ಬಿದ್ದಿರುವುದು ಮೇಜಿನ ಮೇಲೇ.

ಇದು ಡ್ರೋನ್ ಅಲ್ಲ

ಮದುವೆ ಮನೆಗಳಲ್ಲಿ ಫೋಟೊ ತೆಗೆಯುವ ಡ್ರೋನ್ ನೋಡಿದವರಿಗೆ ಇದೂ ಹಾಗೇ ಅನ್ನಿಸುವುದು ಸಹಜ. ಆ ಡ್ರೋನಿನ ನಾಲ್ಕು ರೆಕ್ಕೆಗಳ ಓರೆ ಬದಲಾಗುವುದಿಲ್ಲ. ಮೋಟರುಗಳ ವೇಗ ಹೆಚ್ಚುಕಮ್ಮಿ ಮಾಡಿ ಅದು ಏರುತ್ತದೆ, ಇಳಿಯುತ್ತದೆ, ತಿರುಗುತ್ತದೆ. ಸ್ಟಿಕ್ ಬಿಟ್ಟರೆ ನಿಂತಲ್ಲೇ ನಿಲ್ಲುತ್ತದೆ. 450 ಹೆಲಿ ಬೇರೆ ಜಾತಿ. ಅದರ ಬ್ಲೇಡು ಹೆಚ್ಚುಕಮ್ಮಿ ಒಂದೇ ವೇಗದಲ್ಲಿ ಸುತ್ತುತ್ತಿರುತ್ತದೆ. ಬದಲಾಗುವುದು ಬ್ಲೇಡಿನ ಓರೆ. ಇದನ್ನೇ ಪಿಚ್ ಅನ್ನುತ್ತಾರೆ.

ಹಾಗಾಗಿ ನೆಲದ ಮೇಲಿದ್ದಾಗಲೂ ಬ್ಲೇಡು ಪೂರ್ತಿ ಜೋರಿನಲ್ಲೇ ಇರುತ್ತದೆ. 450 ಸೈಜಿನ ಒಂದೊಂದು ಬ್ಲೇಡು 325 ಮಿಲಿಮೀಟರ್ ಉದ್ದ. ಎರಡೂ ಸೇರಿ, ನಡುವಿನ ಹೆಡ್ಡೂ ಸೇರಿ, ಸುಮಾರು 70 ಸೆಂಟಿಮೀಟರ್ ಅಗಲದ ಚಕ್ರ. ನಿಮಿಷಕ್ಕೆ 2,200 ಸುತ್ತು ಅಂತ ಇಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಬ್ಲೇಡಿನ ತುದಿ ಸೆಕೆಂಡಿಗೆ 80 ಮೀಟರ್ ಓಡುತ್ತದೆ, ಅಂದರೆ ಗಂಟೆಗೆ 290 ಕಿಲೋಮೀಟರ್ ಹತ್ತಿರ. ಕಡೂರು ರಸ್ತೆಯಲ್ಲಿ ಯಾವ ಕಾರೂ ಕನಸಿನಲ್ಲೂ ಕಾಣದ ವೇಗ ಅದು. ಆಟದ ಸಾಮಾನಿನ ಅಂಗಡಿಯಲ್ಲಿ ಸಿಗದೆ ಹವ್ಯಾಸಿಗಳ ಅಂಗಡಿಯಲ್ಲಿ ಸಿಗುವುದಕ್ಕೆ ಕಾರಣ ಇದೇ. ಅಕ್ಕನಿಗೆ ಈ ಲೆಕ್ಕ ಹೇಳಬೇಡ ಅಂತ ಹುಡುಗ ಬೇಡಿಕೊಂಡ. ಹೇಳಿದೆ.

ಇನ್ನೂ ಏನೂ ಕೊಂಡಿಲ್ಲ ಅನ್ನುವವರಿಗೆ ಒಂದು ಮಾತು. ಅಂಗೈಯಷ್ಟಗಲದ, ಪಿಚ್ ಬದಲಾಗದ, ನಾಲ್ಕು ಚಾನೆಲ್‌ನ (ರಿಮೋಟಿನಿಂದ ನಾಲ್ಕು ಬಗೆಯ ಆಜ್ಞೆ ಹೋಗುವ) ಪುಟ್ಟ ಹೆಲಿಯಿಂದ ಶುರು ಮಾಡಿ. ಹಗುರ, ಬಿದ್ದರೂ ಮುರಿಯುವುದು ಕಡಿಮೆ, ಹಾಲ್‌ನಲ್ಲೇ ಹಾರಿಸಬಹುದು. ಒಂದರ ಮೇಲೊಂದು ಎರಡು ರೋಟರ್ ಇರುವ ಹೆಲಿ ಇನ್ನೂ ಸುಲಭ, ಆದರೆ ಅದು ಕಲಿಸುವುದೂ ಅಷ್ಟೇ ಕಡಿಮೆ. ಮಲೆನಾಡಿನ ಮಳೆಗಾಲ ನಾಲ್ಕು ತಿಂಗಳು ಹೊರಗೆ ಬಿಡುವುದಿಲ್ಲವಲ್ಲ, ಆಗ ಕಂಪ್ಯೂಟರಿಗೆ ರಿಮೋಟ್ ಜೋಡಿಸಿ ಸಿಮ್ಯುಲೇಟರ್‌ನಲ್ಲಿ ಕೈ ಪಳಗಿಸಿ. ಅಲ್ಲಿ ನೂರು ಸಲ ಬಿದ್ದರೂ ಒಂದು ಸ್ಕ್ರೂ ಹಾಳಾಗುವುದಿಲ್ಲ.

ಮೂರು ಬೆರಳು, ಒಂದು ತಟ್ಟೆ

ಹೆಲಿಯ ಕುತ್ತಿಗೆಯಲ್ಲಿ ಸ್ವಾಶ್‌ಪ್ಲೇಟ್ ಅಂತ ಒಂದು ಬಿಲ್ಲೆ ಇದೆ. ಎಲ್ಲರೂ ಗೊಂದಲಕ್ಕೆ ಬೀಳುವುದು ಇಲ್ಲೇ. ಅಡುಗೆ ಮನೆಯಿಂದ ಒಂದು ಚಿಕ್ಕ ತಟ್ಟೆ ತಂದುಕೊಳ್ಳಿ. ಹೆಬ್ಬೆರಳು, ತೋರುಬೆರಳು, ಕಿರುಬೆರಳು, ಈ ಮೂರರ ತುದಿಯ ಮೇಲೆ ಅದನ್ನು ನಿಲ್ಲಿಸಿ. ಮೂರೂ ಬೆರಳನ್ನು ಒಟ್ಟಿಗೆ ಮೇಲೆತ್ತಿದರೆ ತಟ್ಟೆ ಸಮವಾಗಿ ಮೇಲೇಳುತ್ತದೆ. ಒಂದೇ ಬೆರಳು ಎತ್ತಿದರೆ ಓರೆಯಾಗುತ್ತದೆ. ಅಷ್ಟೇ ಸ್ವಾಶ್‌ಪ್ಲೇಟ್. ಬೆರಳಿನ ಜಾಗದಲ್ಲಿ ಮೂರು ಸರ್ವೊ ಮೋಟರುಗಳಿವೆ (ಹೇಳಿದಷ್ಟೇ ತಿರುಗಿ ನಿಲ್ಲುವ ಪುಟ್ಟ ಮೋಟರು), ಒಂದಕ್ಕೊಂದು 120 ಡಿಗ್ರಿ ದೂರದಲ್ಲಿ.

ತಟ್ಟೆ ಪೂರ್ತಿ ಮೇಲೆದ್ದರೆ ಎರಡೂ ಬ್ಲೇಡಿನ ಪಿಚ್ ಒಟ್ಟಿಗೆ ಹೆಚ್ಚುತ್ತದೆ, ಹೆಲಿ ಏರುತ್ತದೆ. ಇದು ಕಲೆಕ್ಟಿವ್. ತಟ್ಟೆ ಮುಂದಕ್ಕೆ ಓರೆಯಾದರೆ ಬ್ಲೇಡು ಒಂದು ಕಡೆ ಹೋದಾಗ ಪಿಚ್ ಜಾಸ್ತಿ, ಇನ್ನೊಂದು ಕಡೆ ಬಂದಾಗ ಕಡಿಮೆ ಆಗುತ್ತದೆ, ಹೆಲಿ ಮುಂದಕ್ಕೆ ಬಾಗುತ್ತದೆ. ಇದು ಸೈಕ್ಲಿಕ್. ಹೀಗಾಗಿ ಮೂರು ಸರ್ವೊಗಳಲ್ಲಿ ಒಂದು ಉಲ್ಟಾ ತಿರುಗಿದರೂ ಕಥೆ ಮುಗಿಯಿತು. ಏರು ಅಂದರೆ ಮಗುಚಿಕೊಳ್ಳುತ್ತದೆ.

ಇನ್ನು ಬಾಲ. ಮಿಕ್ಸಿ ಸ್ವಿಚ್ ಹಾಕಿದಾಗ ಇಡೀ ಮಿಕ್ಸಿ ಒಂದು ಕ್ಷಣ ಜಗ್ಗುತ್ತದೆ, ಗಮನಿಸಿದ್ದೀರಾ? ಒಳಗಿನದು ಒಂದು ಕಡೆ ಸುತ್ತಿದರೆ ಹೊರಗಿನದು ಇನ್ನೊಂದು ಕಡೆ ತಿರುಗಲು ನೋಡುತ್ತದೆ. ಹೆಚ್ಚಿನ ಮಾಡೆಲ್ ಹೆಲಿಗಳ ರೋಟರ್ ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುತ್ತದೆ. ಆಗ ಮೂತಿ ಎಡಕ್ಕೆ ಹೋಗಲು ಹಟ ಮಾಡುತ್ತದೆ. ಅದನ್ನು ತಡೆಯುವುದು ಬಾಲದ ರೋಟರ್. ಕ್ಷಣಕ್ಷಣಕ್ಕೂ ಎಷ್ಟು ತಡೆಯಬೇಕು ಅಂತ ಅದಕ್ಕೆ ಹೇಳುವುದು ಗೈರೊ.

ಬ್ಲೇಡ್ ತೆಗೆದಿಡಿ, ಮೋಟರ್ ವೈರ್ ಬಿಚ್ಚಿ

ಹುಡುಗ ಹೆಲಿಯನ್ನು ಮೇಜಿನ ಮೇಲಿಟ್ಟು ಬ್ಯಾಟರಿ ಹಾಕಲು ಹೊರಟ. ಕೈ ಹಿಡಿದೆ. ಮೊದಲು ಎರಡು ದೊಡ್ಡ ಬ್ಲೇಡನ್ನು ಬಿಚ್ಚಿ ಬೀರುವಿನ ಮೇಲಿಡಬೇಕು. ಆಮೇಲೆ ಮೋಟರಿಗೆ ಹೋಗುವ ಮೂರು ವೈರಿನಲ್ಲಿ ಎರಡನ್ನು ಕಿತ್ತಿಡಬೇಕು. ಒಂದನ್ನು ಕಿತ್ತರೆ ಸಾಲದು, ಉಳಿದ ಎರಡರಲ್ಲೇ ಮೋಟರ್ ಒದ್ದಾಡಬಹುದು. ಕಿತ್ತ ತುದಿಗಳು ಒಂದಕ್ಕೊಂದು ತಾಗದಂತೆ ಟೇಪ್ ಸುತ್ತಿ. ಸೆಟ್ಟಿಂಗ್ ಮಾಡುವಾಗ ತಪ್ಪು ಆಗಿಯೇ ಆಗುತ್ತದೆ. ಆಗ ಸರ್ವೊ ಕುಣಿದರೆ ನಗಬಹುದು. ಮೋಟರ್ ಕುಣಿದರೆ ಬೆರಳು ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಹೆಲಿಯಾದರೆ ಬಿಚ್ಚಿದ ಗಳಿಗೆಯಲ್ಲೇ ಮುಖ್ಯ ಶಾಫ್ಟನ್ನು ಕನ್ನಡಿಯ ಮೇಲೆ ಉರುಳಿಸಿ ನೋಡಿ. ನೇರ ಇದ್ದರೆ ಸದ್ದಿಲ್ಲದೆ ಉರುಳುತ್ತದೆ, ಸೊಟ್ಟಗಿದ್ದರೆ ಕುಂಟುತ್ತದೆ. ನಮ್ಮದು ಕುಂಟಿತು. ಹೊಸ ಶಾಫ್ಟ್ ಬರಲು ನಾಲ್ಕು ದಿನ. ಬ್ಲೇಡಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅಂಟು ಹಾಕುವ ಯೋಚನೆ ಬೇಡ, ಮುರಿದು ಬಿಸಾಕಿ. ಮುರಿಯದಿದ್ದರೆ ಮುಂದೊಂದು ದಿನ "ಒಂದೇ ಸಲ" ಅಂತ ನೀವೇ ಹಾಕುತ್ತೀರಿ.

ಸ್ಕ್ರೂಗಳ ವಿಷಯ. ಲೋಹ ಲೋಹಕ್ಕೆ ಕೂರುವ ಕಡೆ ಥ್ರೆಡ್‌ಲಾಕ್ ಅನ್ನುವ ನೀಲಿ ಬಣ್ಣದ ಅಂಟು ಒಂದು ಸಣ್ಣ ಹನಿ ಹಾಕಬೇಕು, ಇಲ್ಲದಿದ್ದರೆ ನಡುಕಕ್ಕೆ ಸಡಿಲವಾಗುತ್ತದೆ. ಪ್ಲಾಸ್ಟಿಕ್‌ಗೆ ತಾಗಿಸಬೇಡಿ, ಪ್ಲಾಸ್ಟಿಕ್ ಪೆಡಸಾಗಿ ಸೀಳುತ್ತದೆ. ಮೋಟರಿನ ಪುಟ್ಟ ಗಿಯರ್ ದೊಡ್ಡ ಗಿಯರಿಗೆ ತೀರಾ ಒತ್ತಿಕೊಂಡಿರಬಾರದು, ತೀರಾ ದೂರವೂ ಇರಬಾರದು. ಇದಕ್ಕೊಂದು ಹಳೇ ಉಪಾಯ: ನೋಟ್‌ಬುಕ್ಕಿನ ಕಾಗದದ ತೆಳು ಪಟ್ಟಿಯನ್ನು ಎರಡು ಗಿಯರಿನ ನಡುವೆ ಕಚ್ಚಿಸಿ ಕೈಯಲ್ಲೇ ತಿರುಗಿಸುವುದು. ಪಟ್ಟಿ ಹರಿಯದೆ, ಹಲ್ಲಿನ ಅಚ್ಚು ನೀಟಾಗಿ ಮೂಡಿ ಹೊರಬಂದರೆ ಸರಿಯಾಗಿದೆ. ನಾವು ಹಿಂದಿನ ವರ್ಷದ ಫಿಸಿಕ್ಸ್ ರೆಕಾರ್ಡಿನ ಹಾಳೆ ಹರಿದೆವು.

ಮಧ್ಯಕ್ಕೆ ತರುವುದು

ಈಗ ರಿಮೋಟ್. ಆನ್ ಮಾಡುವಾಗ ರಿಮೋಟ್ ಮೊದಲು, ಹೆಲಿಯ ಬ್ಯಾಟರಿ ಆಮೇಲೆ. ಆಫ್ ಮಾಡುವಾಗ ಬ್ಯಾಟರಿ ಮೊದಲು, ರಿಮೋಟ್ ಕೊನೆಗೆ. ಒಂದೇ ರಿಮೋಟಿನಲ್ಲಿ ಎರಡು ಮೂರು ಮಾಡೆಲ್ ಇಟ್ಟುಕೊಂಡವರು ಪರದೆಯ ಮೇಲಿನ ಹೆಸರು ಓದಿಯೇ ಮುಂದುವರಿಯಬೇಕು. ವಿಮಾನದ ಸೆಟ್ಟಿಂಗಿನಲ್ಲಿ ಹೆಲಿ ಎಬ್ಬಿಸಿದವರು ಇದ್ದಾರೆ.

ಬ್ಯಾಟರಿ ಹಾಕುವ ಮುಂಚೆಯೇ ಥ್ರಾಟಲ್ ಹೋಲ್ಡ್ ಅನ್ನು ಒಂದು ಸ್ವಿಚ್ಚಿಗೆ ಕಟ್ಟಿ. ಅದು ಹಾಕಿದ್ದಾಗ ಸ್ಟಿಕ್ ಎಲ್ಲಿದ್ದರೂ ಮೋಟರಿಗೆ ಹೋಗುವುದು ಸೊನ್ನೆ. ಇಡೀ ರಿಮೋಟಿನಲ್ಲಿ ಇದಕ್ಕಿಂತ ದೊಡ್ಡ ಸ್ವಿಚ್ ಇಲ್ಲ ಅಂತ ನನ್ನ ಅಭಿಪ್ರಾಯ. ಹೆಲಿಯ ಹತ್ತಿರ ಹೋಗುವಾಗ ಹೋಲ್ಡ್. ಎತ್ತಿಕೊಂಡು ಬರುವಾಗ ಹೋಲ್ಡ್. ಬೀಳುತ್ತಿದೆ ಅನ್ನಿಸಿದರೂ ನೆಲ ಮುಟ್ಟುವ ಮುಂಚೆ ಹೋಲ್ಡ್, ಆಗ ಗಿಯರಿನ ಹಲ್ಲಾದರೂ ಉಳಿಯುತ್ತದೆ. ಸ್ವಿಚ್ ಹಾಕುವಾಗ ಬಾಯಿಬಿಟ್ಟು "ಹೋಲ್ಡ್" ಅನ್ನಬೇಕು ಅಂತ ಹುಡುಗನಿಗೆ ಕಟ್ಟಪ್ಪಣೆ ಮಾಡಿದೆ. "ಬಸ್ ಕಂಡಕ್ಟರ್ ರೈಟ್ ರೈಟ್ ಅಂದ ಹಾಗಾಯ್ತು ಮಾವ" ಅಂದ. ಹಾಗೇ ಅಂದುಕೋ.

ಇನ್ನು ದಿಕ್ಕು ನೋಡಬೇಕು. ಥ್ರಾಟಲ್ ಸ್ಟಿಕ್ಕೇ ಕಲೆಕ್ಟಿವ್ ಸ್ಟಿಕ್ಕೂ ಹೌದು. ಅದನ್ನು ಮೇಲಕ್ಕೆ ತಳ್ಳಿದರೆ ಮೂರೂ ಸರ್ವೊ ಒಟ್ಟಿಗೆ ತಟ್ಟೆಯನ್ನು ಎತ್ತಬೇಕು. ಬಲಗಡೆಯ ಸ್ಟಿಕ್ ಮುಂದೆ ತಳ್ಳಿದರೆ ತಟ್ಟೆ ಮುಂದಕ್ಕೆ ಬಾಗಬೇಕು, ಬಲಕ್ಕೆ ತಳ್ಳಿದರೆ ಬಲಕ್ಕೆ. ಇದು ಮೋಡ್ 2 ಲೆಕ್ಕ: ಥ್ರಾಟಲ್ ಮತ್ತು ಬಾಲ ಎಡಗೈಯಲ್ಲಿ, ಉಳಿದದ್ದು ಬಲಗೈಯಲ್ಲಿ.

ದಿಕ್ಕು ಸರಿಯಾದ ಮೇಲೆ ಸ್ಟಿಕ್ಕನ್ನು ಸರಿಯಾಗಿ ಮಧ್ಯಕ್ಕೆ ತನ್ನಿ. ಸರ್ವೊ ತೋಳುಗಳು ಲಿಂಕಿಗೆ, ಅಂದರೆ ತೋಳನ್ನು ತಟ್ಟೆಗೆ ಜೋಡಿಸುವ ಕಡ್ಡಿಗೆ, ಲಂಬ ಕೋನದಲ್ಲಿ ನಿಂತಿರಬೇಕು. ತಟ್ಟೆ ಮಟ್ಟವಾಗಿರಬೇಕು. ಬ್ಲೇಡಿನ ಪಿಚ್ ಸೊನ್ನೆ ಇರಬೇಕು. ಮೂರೂ ಒಟ್ಟಿಗೆ ಕೂಡಿ ಬರುವುದು ಸುಲಭವಲ್ಲ. ರಿಮೋಟಿನಲ್ಲಿ ಅಂಕಿ ತಿದ್ದಿ ಮುಚ್ಚಿಹಾಕುವ ಆಸೆಯಾಗುತ್ತದೆ, ಬೇಡ. ಮೊದಲು ಲಿಂಕನ್ನು ಕಳಚಿ ಅರ್ಧ ಸುತ್ತು, ಒಂದು ಸುತ್ತು ತಿರುಗಿಸಿ ಉದ್ದ ಸರಿಮಾಡಿ. ಉಳಿದ ಚೂರುಪಾರು ವ್ಯತ್ಯಾಸವನ್ನು ಮಾತ್ರ ಅಂಕಿಯಲ್ಲಿ ಸರಿಪಡಿಸಿ. ನಮಗೆ ಇದೊಂದಕ್ಕೇ ಎರಡು ಸಂಜೆ ಹಿಡಿಯಿತು.

ಆಮೇಲೆ ಬ್ಲೇಡ್ ಹಾಕಿ, ಮೋಟರ್ ವೈರ್ ಬಿಚ್ಚಿದಂತೆಯೇ ಇರಲಿ, ಪಿಚ್ ಅಳೆಯುವ ಗೇಜ್ ಸಿಕ್ಕಿಸಿ. ಕಸರತ್ತು ಮಾಡುವವರು ಮೇಲೆ ಕೆಳಗೆ 10ರಿಂದ 12 ಡಿಗ್ರಿ ಇಟ್ಟುಕೊಳ್ಳುತ್ತಾರೆ. ಹೊಸಬರಿಗೆ ಅದು ಅಪಾಯ. ಸ್ಟಿಕ್ ತುದಿಯಲ್ಲಿ 9 ಡಿಗ್ರಿ, ಬುಡದಲ್ಲಿ ಸೊನ್ನೆಗಿಂತ 2 ಡಿಗ್ರಿ ಕೆಳಗೆ, ಇಷ್ಟು ಸಾಕು. ಬುಡದಲ್ಲಿ ಜಾಸ್ತಿ ಇಟ್ಟರೆ ಹೆದರಿ ಸ್ಟಿಕ್ ಎಳೆದಾಗ ಹೆಲಿ ನೆಲಕ್ಕೆ ಕುಕ್ಕುತ್ತದೆ. ಹೆದರುವುದು ಗ್ಯಾರಂಟಿ. ಹೋವರ್ ಅಂದರೆ ಒಂದೇ ಕಡೆ ತೇಲುವುದು ಸಾಮಾನ್ಯವಾಗಿ 5ರಿಂದ 6 ಡಿಗ್ರಿಯಲ್ಲಿ ಆಗುತ್ತದೆ. ನಮ್ಮೂರು ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹತ್ತನೇ ಒಂದು ಪಾಲು ತೆಳು. ಆದ್ದರಿಂದ ಅದೇ ಹೆಲಿಗೆ ಇಲ್ಲಿ ಒಂದು ಚೂರು ಜಾಸ್ತಿ ಪಿಚ್ ಬೇಕಾಗುತ್ತದೆ. ಗಾಬರಿಯಾಗಬೇಡಿ, ಹೆಲಿ ಕೆಟ್ಟಿಲ್ಲ.

ನನ್ನ ಎರಡು ಸೆಕೆಂಡಿನ ತಪ್ಪು

ಗೈರೊ ಪರೀಕ್ಷೆಯನ್ನು ನಿಧಾನವಾಗಿ ಓದಿ. ಬ್ಯಾಟರಿ ಹಾಕಿದ ಕೂಡಲೇ ಹೆಲಿಯನ್ನು ಕೆಲವು ಸೆಕೆಂಡು ಅಲುಗಿಸಬಾರದು, ಆಗ ಗೈರೊ ತನ್ನ ಸೊನ್ನೆಯನ್ನು ಹುಡುಕಿಕೊಳ್ಳುತ್ತಿರುತ್ತದೆ. ಗೈರೊದ ಲೈಟ್ ಮಿನುಗುವುದು ನಿಂತ ಮೇಲೆ ಬಾಲದ ಸ್ಟಿಕ್ಕನ್ನು ಬಲಕ್ಕೆ ತಳ್ಳಿ. ಬಾಲದ ಶಾಫ್ಟಿನ ಮೇಲೆ ಜಾರುವ ಪುಟ್ಟ ಸ್ಲೈಡರ್ ಇದೆಯಲ್ಲ, ಅದು ಯಾವ ಕಡೆಗೆ ಸರಿಯಿತು ಅಂತ ನೆನಪಿಡಿ. ಸ್ಟಿಕ್ ಬಿಡಿ. ಈಗ ಹೆಲಿಯನ್ನು ಕೈಯಲ್ಲಿ ಹಿಡಿದು ಮೂತಿಯನ್ನು ಎಡಕ್ಕೆ ಚಕ್ಕನೆ ತಿರುಗಿಸಿ. ಸ್ಲೈಡರ್ ಆಗ ಸರಿದ ಕಡೆಗೇ ಈಗಲೂ ಸರಿಯಬೇಕು. ಮೂತಿ ಎಡಕ್ಕೆ ಹೋಯಿತು ಅಂತ ಗೈರೊ ತಾನೇ ಬಲಕ್ಕೆ ಸ್ಟಿಕ್ ಕೊಟ್ಟಂತೆ.

ವಿರುದ್ಧ ಕಡೆಗೆ ಸರಿದರೆ ಅದು ಉಲ್ಟಾ. ಆಗ ಮೂತಿ ಎಡಕ್ಕೆ ಚೂರು ಹೊರಳಿದರೂ ಗೈರೊ ಇನ್ನಷ್ಟು ಎಡಕ್ಕೆ ತಳ್ಳುತ್ತದೆ, ಹೊರಳುವುದು ಹೆಚ್ಚುತ್ತದೆ, ಇನ್ನೂ ತಳ್ಳುತ್ತದೆ. ನನ್ನ ಬುಗುರಿ ಆದದ್ದು ಹೀಗೆ. ಇಲ್ಲಿ ಮೋಸ ಹೋಗುವುದು ಯಾಕೆ ಅಂದರೆ ಸ್ಟಿಕ್ಕಿನ ದಿಕ್ಕು ಬೇರೆ, ಗೈರೊ ದಿಕ್ಕು ಬೇರೆ. ಎರಡಕ್ಕೂ ಬೇರೆ ಬೇರೆ ಸೆಟ್ಟಿಂಗ್. ಸ್ಟಿಕ್ ಸರಿಯಿದೆ ಅಂತ ನೋಡಿ ನಾನು ಸುಮ್ನೆ ಎದ್ದು ಹೋಗಿದ್ದೆ.

ಫ್ಲೈಬಾರ್ (ಹೆಲಿ ಅಲುಗದಂತೆ ಬ್ಲೇಡಿಗೆ ಅಡ್ಡಲಾಗಿ ಸುತ್ತುವ ಕಡ್ಡಿ) ಇಲ್ಲದ ಹೊಸ ಹೆಲಿಗಳಲ್ಲಿ ತಟ್ಟೆಗೂ ಗೈರೊ ಇರುತ್ತದೆ. ಹೆಲಿಯ ಮೂತಿಯನ್ನು ಕೈಯಲ್ಲಿ ಕೆಳಗೆ ಬಗ್ಗಿಸಿ. ತಟ್ಟೆ ಹಿಂದಕ್ಕೆ ಬಾಗಬೇಕು. ಬಲಕ್ಕೆ ಓರೆ ಮಾಡಿದರೆ ಎಡಕ್ಕೆ ಬಾಗಬೇಕು. ಮಜ್ಜಿಗೆ ತುಂಬಿದ ಲೋಟ ಹಿಡಿದು ಬಸ್ಸಿನಲ್ಲಿ ನಿಂತವನ ಕೈ ಹೇಗೆ ಆಡುತ್ತದೋ ಹಾಗೆ.

ಕೊನೆಯದಾಗಿ ಸಿಗ್ನಲ್ ಹೋದರೆ ಏನಾಗುತ್ತದೆ ಅಂತ ನೋಡಬೇಕು. ದೊಡ್ಡ ಬ್ಲೇಡನ್ನೂ ಬಾಲದ ಬ್ಲೇಡನ್ನೂ ತೆಗೆದು, ಮೋಟರ್ ವೈರ್ ಜೋಡಿಸಿ, ಹೆಲಿಯನ್ನು ಗಟ್ಟಿಯಾಗಿ ಹಿಡಿಸಿ ನಿಧಾನ ತಿರುಗಿಸಿ, ರಿಮೋಟ್ ಆಫ್ ಮಾಡಿ. ಮೋಟರ್ ನಿಲ್ಲಬೇಕು. ನಿಲ್ಲದೆ ಹಾಗೇ ಸುತ್ತುತ್ತಿದ್ದರೆ ಫೇಲ್‌ಸೇಫ್, ಅಂದರೆ ಸಿಗ್ನಲ್ ಹೋದಾಗ ಮೋಟರ್ ನಿಲ್ಲಿಸುವ ಸೆಟ್ಟಿಂಗ್, ಸೆಟ್ ಆಗಿಲ್ಲ. ಅದನ್ನು ಸರಿಮಾಡದೆ ಮನೆಯಿಂದ ಹೊರಗೆ ಒಯ್ಯಬೇಡಿ.

ಬ್ಯಾಟರಿಯೂ ಅನುಮತಿಯೂ

ಹೆಲಿಯ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಗೆ ಮೊಬೈಲ್ ಚಾರ್ಜರಿನ ಸಲುಗೆ ನಡೆಯುವುದಿಲ್ಲ. ನಮ್ಮದು ಮೂರು ಸೆಲ್, 2,200 ಎಂಎಎಚ್. ಅದಕ್ಕೆ 2.2 ಆಂಪಿಯರ್‌ಗಿಂತ ಜಾಸ್ತಿ ಕೊಡುವುದಿಲ್ಲ. ಒಂದೊಂದು ಸೆಲ್ಲೂ 4.2 ವೋಲ್ಟಿಗೆ ಭರ್ತಿ. ಸೆಲ್ಲುಗಳನ್ನೆಲ್ಲ ಸಮ ಮಟ್ಟಕ್ಕೆ ತರುವ ಬ್ಯಾಲೆನ್ಸ್ ವೈರ್ ಹಾಕಿಯೇ ಚಾರ್ಜ್ ಮಾಡಬೇಕು. ವಾರಗಟ್ಟಲೆ ಇಡುವುದಾದರೆ ಸೆಲ್ಲಿಗೆ 3.8 ವೋಲ್ಟ್ ಇಟ್ಟು ಎತ್ತಿಡಿ. ಊದಿಕೊಂಡ ಬ್ಯಾಟರಿ ಮುಗಿದಂತೆ. ನಾವು ಚಾರ್ಜ್ ಮಾಡುವುದು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ, ಪಕ್ಕದಲ್ಲಿ ಒಂದು ಬಕೆಟ್ ಮರಳು, ಪಕ್ಕದಲ್ಲೇ ಒಬ್ಬರು. ಚಾರ್ಜಿಗೆ ಹಾಕಿ ಪೇಟೆಗೆ ಹೋಗುವ ಹಾಗಿಲ್ಲ.

ಕಾನೂನಿನ ಮಾತು ಚಿಕ್ಕದು. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳು ಹೆಲಿಗೂ ಅನ್ವಯ. 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕಿಲೋವರೆಗೆ ಮೈಕ್ರೊ. 450 ಮೈಕ್ರೊದಲ್ಲಿ ಬರುತ್ತದೆ. ವ್ಯಾಪಾರಕ್ಕಲ್ಲದೆ ಹಾರಿಸಿದರೆ ಈ ಎರಡಕ್ಕೂ ಪೈಲಟ್ ಪ್ರಮಾಣಪತ್ರ ಬೇಡ. ಆದರೆ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರಿದೆಯೇ, ಅಂದರೆ ಹಾರಿಸಲು ಮುಂಚೆ ಅನುಮತಿ ಬೇಡದ ಜಾಗವೇ, ಅಂತ ನೋಡಿಕೊಳ್ಳಿ, ನೋಂದಣಿಯ ನಿಯಮವನ್ನೂ ಓದಿಕೊಳ್ಳಿ. ಹಾಸನದವರು ಸಾಲಗಾಮೆ ರಸ್ತೆಯ ಇಸ್ರೊ ಮಾಸ್ಟರ್ ಕಂಟ್ರೋಲ್ ಕೇಂದ್ರದ ಆಸುಪಾಸು ಇದರ ಯೋಚನೆಯನ್ನೇ ಮಾಡಬೇಡಿ.

ಕಣದಲ್ಲಿ

ಕಾಫಿ ಕೊಯ್ಲು ಮುಗಿದ ಮೇಲೆ ಕಣ ಖಾಲಿ. ಹೊಸಬರಿಗೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಮೈದಾನದ ಹುಲ್ಲು ಮೆತ್ತಗಿರುತ್ತದೆ ಅಂತ ಆಸೆಪಡಬೇಡಿ, ಹುಲ್ಲಿಗೆ ಕಾಲು ಸಿಕ್ಕಿಕೊಂಡರೆ ಹೆಲಿ ಮಗುಚುತ್ತದೆ. ನಯವಾದ ಸಿಮೆಂಟಿನಲ್ಲಿ ಜಾರಿಕೊಂಡು ಹೋಗಿ ಉಳಿದುಕೊಳ್ಳುತ್ತದೆ. ಕಾಲಿಗೆ ಅಡ್ಡಡ್ಡ ನಾಲ್ಕು ಕಡ್ಡಿ, ತುದಿಗೆ ಪ್ಲಾಸ್ಟಿಕ್ ಚೆಂಡು ಇರುವ ಟ್ರೈನಿಂಗ್ ಗಿಯರ್ ಕಟ್ಟಿ. ಕಣದಲ್ಲಿ ನೋಡಬೇಕಾದ್ದು ಎರಡು: ಮೂಲೆಯಲ್ಲಿ ಮಡಚಿಟ್ಟ ಟಾರ್ಪಾಲು ಮತ್ತು ಉಳಿದ ಕಾಫಿ ಸಿಪ್ಪೆ. ರೋಟರಿನ ಗಾಳಿಗೆ ಟಾರ್ಪಾಲಿನ ಅಂಚು ಎದ್ದು ಬರುತ್ತದೆ, ಸಿಪ್ಪೆ ಹಾರಿ ಗಿಯರಿಗೆ ಸೇರುತ್ತದೆ. ಗುಡಿಸಿ, ಟಾರ್ಪಾಲಿನ ಮೇಲೆ ಕಲ್ಲು ಹೇರಿ. ತೋಟದ ನಾಯಿಯನ್ನು ಕಟ್ಟಿಸಿ. ಮಕ್ಕಳು, ಆಳುಗಳು ಎಲ್ಲರೂ ನಿಮ್ಮ ಬೆನ್ನ ಹಿಂದೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೋದೆವು. ಆಗ ಗಾಳಿ ಇರುವುದಿಲ್ಲ. ಕಾರಿನ ಬಿಸಿಯಿಂದ ಇಬ್ಬನಿಗೆ ತೆಗೆದ ಹೆಲಿಯನ್ನು ಐದು ನಿಮಿಷ ಹಾಗೇ ಇಟ್ಟೆವು, ಗೈರೊ ಹೊರಗಿನ ಚಳಿಗೆ ಹೊಂದಿಕೊಳ್ಳಲಿ ಅಂತ. ಬ್ಲೇಡಿನ ಬೋಲ್ಟು ಎಷ್ಟು ಬಿಗಿ ಇರಬೇಕು ಅಂದರೆ, ಹೆಲಿಯನ್ನು ಅಡ್ಡ ಹಿಡಿದರೆ ಬ್ಲೇಡು ಜೋತುಬೀಳಬಾರದು, ಜಾಡಿಸಿದರೆ ಮಡಚಬೇಕು. ಹೆಡ್ಡನ್ನು ಹಿಡಿದು ಎತ್ತಿದರೆ ಮೂತಿ ಬಾಲ ಎರಡೂ ಮಟ್ಟವಾಗಿ ತೂಗಬೇಕು, ಇಲ್ಲದಿದ್ದರೆ ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಿ. ಆರೇಳು ಮೀಟರ್ ದೂರ, ಬಾಲ ನಮ್ಮ ಕಡೆ. ಇಬ್ಬರಿಗೂ ಕನ್ನಡಕ.

ಮೊದಲ ಬ್ಯಾಟರಿಯಲ್ಲಿ ಎಬ್ಬಿಸಲೇ ಇಲ್ಲ. ನೆಲದ ಮೇಲೇ ಸುತ್ತಿಸಿ ಸದ್ದು ಕೇಳಿದೆವು, ಬಾಲ ನಡುಗುತ್ತದೆಯೇ ಅಂತ ನೋಡಿದೆವು. ಎರಡು ಬ್ಲೇಡೂ ಒಂದೇ ಮಟ್ಟದಲ್ಲಿ ಸುತ್ತುತ್ತಿವೆಯೇ ಅಂತ ತಿಳಿಯಲು ಒಂದರ ತುದಿಗೆ ಕೆಂಪು ಟೇಪ್ ಹಚ್ಚಿದ್ದೆವು. ಕೆಂಪು ಅಂಚು ಬೇರೆಯಾಗಿ ಮೇಲೆ ಕಂಡಿತು. ಹೋಲ್ಡ್, ಬ್ಯಾಟರಿ ಕಿತ್ತು, ಆ ಬ್ಲೇಡಿನ ಲಿಂಕನ್ನು ಒಂದು ಸುತ್ತು ತಿರುಗಿಸಿದ ಮೇಲೆ ಎರಡೂ ಒಂದೇ ಗೆರೆಯಾದವು.

ಎರಡನೇ ಬ್ಯಾಟರಿ. ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ಹೆಲಿ ತನ್ನದೇ ಗಾಳಿಯ ಮೇಲೆ ಜಾರುತ್ತಾ ಹುಚ್ಚಾಟ ಆಡುತ್ತದೆ. ಹೊಸಬರು ಅಲ್ಲೇ ಇರಲು ನೋಡುತ್ತಾರೆ, ಎತ್ತರ ಅಂದರೆ ಭಯ. ಎರಡು ಮೂರು ಅಡಿಗೆ ಏರಿದರೆ ಅದೇ ಹೆಲಿ ಸಾಧುವಾಗುತ್ತದೆ. ಇನ್ನೊಂದು, ಎದ್ದ ಕೂಡಲೇ ಎಡಕ್ಕೆ ಸರಿಯುತ್ತದೆ. ಬಾಲದ ರೋಟರ್ ತಳ್ಳುವುದೇ ಆ ಕಡೆಗೆ. ಬಲಕ್ಕೆ ಒಂದು ಚೂರು ಸ್ಟಿಕ್ ಇಟ್ಟರೆ ನಿಲ್ಲುತ್ತದೆ, ಆಗ ಬಲಗಾಲು ಸ್ವಲ್ಪ ತಗ್ಗಿರುತ್ತದೆ. ಅದು ಸೆಟ್ಟಿಂಗ್ ತಪ್ಪಲ್ಲ, ತಿದ್ದಲು ಹೋಗಬೇಡಿ.

ಹುಡುಗ ಸ್ಟಿಕ್ ಮೇಲೆತ್ತಿದ. ಹೆಲಿ ಎದ್ದಿತು, ಎಡಕ್ಕೆ ಜಾರಿತು, ಬಲಕ್ಕೆ ತಂದ, ಜಾಸ್ತಿ ತಂದ, ಮತ್ತೆ ಎಡಕ್ಕೆ. ಮೂತಿ ಮಾತ್ರ ಅಲುಗಲಿಲ್ಲ, ಎದುರಿನ ಮೆಣಸಿನ ಬಳ್ಳಿಯ ಮರವನ್ನೇ ನೋಡುತ್ತಿತ್ತು. ಹತ್ತು ಸೆಕೆಂಡು ಆಗಿರಬಹುದು. ಇಳಿಸಿದ. ಕೈ ನಡುಗುತ್ತಿತ್ತು. ಬ್ಲೇಡು ಇನ್ನೂ ಸುತ್ತುತ್ತಿದ್ದಾಗಲೇ ಒಂದು ಹೆಜ್ಜೆ ಮುಂದಿಟ್ಟವನು ನಿಂತು, ಸ್ವಿಚ್ ಒತ್ತಿ, ತೋಟಕ್ಕೆಲ್ಲ ಕೇಳುವ ಹಾಗೆ "ಹೋಲ್ಡ್" ಅಂದ.